ಬಾಲ ಕತ್ತರಿಸಿದ ವಿಡಿಯೊ

2018ರ ಮೇ ತಿಂಗಳು. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು’ ಅಂತ ಕೆಳಗೆ ಬರೆದಿತ್ತು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಹಿಂದೆ ಮುಂದೆ ನೋಡದೆ ಅಕ್ಕನಿಗೂ ಆಫೀಸಿನವರಿಗೂ ಕಳಿಸಿದೆ.

ಅದೇ ತಿಂಗಳು ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂದುಕೊಂಡು ಜನ ಹೊಡೆದು ಕೊಂದರು. ನಮ್ಮ ಮನೆಯಿಂದ ಅದೇನು ದೂರವಲ್ಲ.

ಆಮೇಲೆ ಗೊತ್ತಾಯಿತು, ಆ ವಿಡಿಯೊ ಕರಾಚಿಯದು. ಮಕ್ಕಳನ್ನು ಜೋಪಾನ ಮಾಡಿ ಅಂತ ಹೇಳಲು ಅಲ್ಲಿನವರು ನಟಿಸಿ ಮಾಡಿದ್ದು. ಪೂರ್ತಿ ನೋಡಿದರೆ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಒಂದು ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ನಾನು ಕಳಿಸಿದವರಿಗೆಲ್ಲ ತಪ್ಪಾಯಿತು ಅಂತ ಬರೆದೆ. ಅಷ್ಟರಲ್ಲಿ ಅಕ್ಕ ಅದನ್ನು ಮೂರು ಗ್ರೂಪಿಗೆ ಹಾಕಿಯಾಗಿತ್ತು.

ಈಗ ಏನೇ ಬಂದರೂ ಮೊದಲು ಸೌಂಡ್ ಆಫ್ ಮಾಡುತ್ತೇನೆ. ಅಳು, ಕಿರುಚಾಟವೇ ಅಲ್ವಾ ತಲೆ ಕೆಡಿಸುವುದು? ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ನಂಬರ್ ಪ್ಲೇಟು, ಅಂಗಡಿ ಬೋರ್ಡು, ಬಸ್ಸಿನ ಬಣ್ಣ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ನೀರು ನುಗ್ಗಿತಲ್ಲ, ಆಗ ಭಾವ ಒಂದು ಕಳಿಸಿದರು: ‘ನೋಡಪ್ಪಾ, ನಿಮ್ಮ ಔಟರ್ ರಿಂಗ್ ರೋಡು!’ ಮುಳುಗಿದ್ದ ಕಾರಿನ ಮೇಲೆ ಟಿಎನ್ ಅಂತಿತ್ತು. ಹೊಸೂರು ಪಕ್ಕದಲ್ಲೇ ಇದೆ, ಒಂದು ಟಿಎನ್ ಗಾಡಿ ಕಂಡರೆ ಏನೂ ಹೇಳಲಾಗದು. ಆದರೆ ಅದರಲ್ಲಿ ಎಲ್ಲವೂ ಟಿಎನ್, ಬೋರ್ಡೆಲ್ಲ ತಮಿಳು. ಸ್ಕ್ರೀನ್‌ಶಾಟ್ ತೆಗೆದು, ಅದೇ ಚಿತ್ರ ಬೇರೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸಿಗೆ ಹಾಕಿದೆ. 2015ರ ಚೆನ್ನೈ ಪ್ರವಾಹದ್ದು. ಇಲ್ಲಿ ನಿಜವಾಗಿಯೂ ನೀರು ನಿಂತಿತ್ತು, ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ಓಡಿತು.

ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ, ಅದು ಕಡಿಮೆ ಅಂದರೂ ಐದು ಚಾಟ್ ದಾಟಿ ಬಂದದ್ದು. ಕಳಿಸಿದವರಿಗೂ ಮೂಲ ಗೊತ್ತಿರುವುದಿಲ್ಲ.

ಭಾವನನ್ನು ಗ್ರೂಪಿನಲ್ಲಿ ಎಲ್ಲರೆದುರಿಗೆ ತಿದ್ದಿದ್ದು ಮಾತ್ರ ದಡ್ಡತನ. ಎರಡು ವಾರ ಮಾತು ಬಿಟ್ಟರು. ಈಗ ಸುಮ್ನೆ ಫೋನ್ ಮಾಡಿ ‘ಭಾವ, ಇದು ಯಾರು ಕಳಿಸಿದ್ದು?’ ಅಂತ ಕೇಳುತ್ತೇನೆ. ಮೊನ್ನೆ ಅವರೇ ಒಂದು ಮೆಸೇಜು ಕಳಿಸಿ, ‘ನಿಜಾನಾ ನೋಡು’ ಅಂದರು. ಎರಡು ದಿನ ಕಾವೇರಿ ನೀರು ಬರುವುದಿಲ್ಲ ಅಂತ ಇತ್ತು. ಜಲಮಂಡಳಿಯ ಪ್ರಕಟಣೆ ಹುಡುಕಿ ನೋಡಿದೆ. ನಿಜವೇ. ಡ್ರಮ್ ತುಂಬಿಸಿಡಿ ಅಂದೆ.