ಲ್ಯಾಕ್ಸ್‌ಟನ್: ಹೊಲದಿಂದ ಶುರು ಮಾಡಿದ ಊರಿನ ಚರಿತ್ರೆ

ಇಂಗ್ಲೆಂಡಿನ ಸಣ್ಣ ಊರಿನ ಚರಿತ್ರೆ ಹುಡುಕುವವರು ಸಾಮಾನ್ಯವಾಗಿ ಮೊದಲು ಚರ್ಚಿನ ದಾಖಲೆ ತೆಗೆಯುತ್ತಾರೆ. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್‌ ವಿಷಯದಲ್ಲಿ ನಾನು ಮೊದಲು ಹೊಲಕ್ಕೆ ಇಳಿದೆ. ಈ ಊರಿಗೆ ಅದೇ ಸರಿಯಾದ ದಾರಿ.

ಬೇರೆ ಬಹುತೇಕ ಊರುಗಳಲ್ಲಿ ಹಳೆಯ ತೆರೆದ ಬಯಲುಗಳನ್ನು, ಅಂದರೆ ಹಲವು ರೈತರು ಬೇಲಿಯಿಲ್ಲದೆ ಹಂಚಿಕೊಂಡು ಉಳುವ ದೊಡ್ಡ ಹೊಲಗಳನ್ನು, 18 ಮತ್ತು 19ನೇ ಶತಮಾನದಲ್ಲಿ ಪಾರ್ಲಿಮೆಂಟಿನ ಕಾಯ್ದೆ ತಂದು ಒಡೆದು, ಬೇಲಿ ಹಾಕಿ ಹಂಚಿಬಿಟ್ಟರು. ಇಲ್ಲಿ ಆ ಕೆಲಸ ಪೂರ್ತಿ ಆಗಲೇ ಇಲ್ಲ. ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಅನ್ನುವ ಮೂರು ಬಯಲುಗಳು ಇವತ್ತಿಗೂ ಉಳಿದಿವೆ. ಒಬ್ಬೊಬ್ಬ ರೈತನಿಗೂ ಅಲ್ಲೊಂದು ಇಲ್ಲೊಂದು ಜಮೀನಿನ ಪಟ್ಟಿ. ಒಂದು ಬಯಲಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು ಇಲ್ಲವೇ ಹುಲ್ಲು. ಮುಂದಿನ ವರ್ಷ ಸರದಿ ಬದಲು.

ನನ್ನ ಕೈಯಲ್ಲಿದ್ದದ್ದು 1635ರ ನಕ್ಷೆಯ ಪ್ರತಿ. ಆಗಿನ ಒಡೆಯ ಸರ್ ವಿಲಿಯಂ ಕೋರ್ಟೀನ್‌ಗಾಗಿ ಮಾರ್ಕ್ ಪಿಯರ್ಸ್ ಮಾಡಿದ್ದು. ಮೂಲ ಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಎಷ್ಟು ಚೆಂದದ ನಕ್ಷೆ ಅಂದರೆ, ಉಳುವವರು, ಕೊಯ್ಯುವವರು ಕೂಡ ಅದರಲ್ಲಿ ಪುಟ್ಟ ಪುಟ್ಟದಾಗಿ ಇದ್ದಾರೆ. ಅದನ್ನು ಹಿಡಿದು ನಿಧಾನವಾಗಿ ನಡೆದೆ. ತಗ್ಗಿನಲ್ಲಿ, ನೇಗಿಲು ಹಾಕಲಾಗದ ತೇವದ ಜಾಗದಲ್ಲಿ, ಹಾವಿನಂತೆ ಹರಿದ ಹುಲ್ಲುಪಟ್ಟಿ ಸಿಗುತ್ತದೆ. ಇಲ್ಲಿನವರು ಅದನ್ನು ಸೈಕ್ ಅನ್ನುತ್ತಾರೆ. ಅಂಥ ಗುರುತು ಒಂದು ಸಿಕ್ಕರೆ ಸಾಕು, ಉಳಿದದ್ದನ್ನು ನಕ್ಷೆಗೆ ಹೊಂದಿಸುತ್ತಾ ಹೋಗಬಹುದು. ಆದರೆ ಪಟ್ಟಿಗೆ ಪಟ್ಟಿ ತಾಳೆ ಹಾಕಲು ಹೋಗಬೇಡಿ. 20ನೇ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದ್ದಾರೆ.

ಊರೊಳಗೆ ಬಂದರೆ ರೈತರ ಮನೆ, ಕಣಜಗಳೆಲ್ಲ ಬೀದಿಯ ಉದ್ದಕ್ಕೇ ಇವೆ. ಜಮೀನು ಎಲ್ಲ ದಿಕ್ಕಿಗೂ ಚದುರಿದ್ದಾಗ ಮನೆ ಊರ ನಡುವೆ ಇರಬೇಕಲ್ವಾ? ಇದು ಹೊಲ ನೋಡಿದ ಮೇಲೆಯೇ ನನಗೆ ಅರ್ಥವಾಗಿದ್ದು. ಅಡ್ಡಾಡುವ ದನ ಕೂಡುವ ದೊಡ್ಡಿಯೂ ಇದೆ.

ಆಮೇಲೆ ಕಾಗದಗಳು. ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡಬೇಕು ಅಂತ ಅಪ್ಪಣೆಯಾದದ್ದು 1538ರಲ್ಲಿ. ಆ ಪುಸ್ತಕಗಳನ್ನು ಓದುವಾಗ ಒಂದು ವಿಷಯ ನೆನಪಿರಲಿ. 1752ಕ್ಕೆ ಮೊದಲು ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಪ್ಪನ ಸಮಾಧಿ 1720ರ ಡಿಸೆಂಬರ್, ಮಗುವಿನ ದೀಕ್ಷಾಸ್ನಾನ 1720ರ ಫೆಬ್ರವರಿ ಅಂತ ಇದ್ದರೆ, ಮಗುವಿನದು ಮೊದಲು ಆಯಿತು ಅನ್ನಿಸುತ್ತದೆ. ಹಾಗಲ್ಲ. ನಮ್ಮ ಲೆಕ್ಕಕ್ಕೆ ಅದು 1721ರ ಫೆಬ್ರವರಿ. ಅಪ್ಪ ತೀರಿಕೊಂಡ ಮೇಲೆ ಆದದ್ದು. ಇಂಥ ಒಂದು ಸಾಲಿನಲ್ಲಿ ಒಂದು ಮನೆಯ ಕಥೆಯೇ ತಿರುಗಿಬಿಡುತ್ತದೆ. ಅದಕ್ಕೇ ನಾನು ಎರಡೂ ವರ್ಷ ಸೇರಿಸಿ 1720/21 ಅಂತ ಬರೆದುಕೊಳ್ಳುತ್ತೇನೆ. 1841ರಿಂದ ಈಚೆಗೆ ಜನರ ಹೆಸರಿರುವ ಜನಗಣತಿ ಸಿಗುವುದರಿಂದ ಕೆಲಸ ಸುಲಭ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಊರಿನ ನ್ಯಾಯಸಭೆ, ಕೋರ್ಟ್ ಲೀಟ್. ನವೆಂಬರ್ ಕೊನೆಯ ಹೊತ್ತಿಗೆ ರೈತರೇ ಪಂಚರಾಗಿ ಗೋಧಿ ಬಿತ್ತಿದ ಬಯಲನ್ನು ಸುತ್ತುತ್ತಾರೆ. ಪಟ್ಟಿಯ ಗಡಿಗೆ ಮರದ ಗೂಟ ಬಡಿಯುತ್ತಾರೆ. ಯಾರಾದರೂ ದಾರಿಯನ್ನೋ ಸೈಕನ್ನೋ ಒತ್ತುವರಿ ಮಾಡಿ ಉತ್ತಿದ್ದರೆ ದಂಡ. ಆಮೇಲೆ ಊರಿನ ಪಬ್ ಡವ್‌ಕೋಟ್ ಇನ್‌ನಲ್ಲಿ ಸಭೆ. ಜಮೀನು 1952ರಲ್ಲಿ ಕೃಷಿ ಸಚಿವಾಲಯಕ್ಕೆ ಹೋಯಿತು, 1981ರಲ್ಲಿ ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ 1952ಕ್ಕೆ ಮೊದಲಿನ ಒಡೆಯರಾದ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟ್‌ಗೆ. ಒಡೆಯರು ಬದಲಾದರೂ ಸಭೆ ನಿಂತಿಲ್ಲ.

ಮ್ಯಾನ್ವರ್ಸ್ ಮನೆತನದ ಕಾಗದಪತ್ರಗಳು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿವೆ. ಇಂಗ್ಲೆಂಡಿನಲ್ಲಿ ಇಂಥ ಸಭೆಗಳ ದಾಖಲೆ 1733ರವರೆಗೆ ಹೆಚ್ಚಾಗಿ ಲ್ಯಾಟಿನ್‌ನಲ್ಲೇ. ಅದಕ್ಕಾಗಿ ಈಗ ಲ್ಯಾಟಿನ್ ಕಲಿಯುತ್ತಿದ್ದೇನೆ. ಒತ್ತುವರಿಗೆ ದಂಡ ಕಟ್ಟಿದವರ ಹೆಸರುಗಳನ್ನು 1635ರ ನಕ್ಷೆಯ ಹೆಸರುಗಳ ಜೊತೆ ಇಟ್ಟು ನೋಡಬೇಕು.