ಮುಂಬೈನಿಂದ ಲಂಡನ್ ಎಷ್ಟು ದೂರ? ಹೂ ಕಟ್ಟುವ ದಾರ ತನ್ನಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಮನೆಯ ಮಾಮಿ ಮೊನ್ನೆ ಮಗ ಕಳಿಸಿದ ಜೂನ್ ತಿಂಗಳ ಟಿಕೆಟ್ ಹಿಡಿದುಕೊಂಡು ಮೇಲೆ ಬಂದರು. ‘ಮಧ್ಯಾಹ್ನ ಒಂದಕ್ಕೆ ಬಿಟ್ಟು ಸಂಜೆ ಆರೂವರೆಗೆ ಲಂಡನ್ ಮುಟ್ಟುತ್ತದಂತೆ. ಐದೂವರೆ ಗಂಟೆ! ಮತ್ಸ್ಯಗಂಧ ರೈಲಿನಲ್ಲಿ ಉಡುಪಿಗೆ ಹೋಗಲಿಕ್ಕೇ ಒಂದು ರಾತ್ರಿ ಬೇಕಲ್ಲ ಮಾರಾಯ್ರೆ?’ ವಾಪಸ್ ಟಿಕೆಟ್ ಇನ್ನೂ ವಿಚಿತ್ರ. ಅಲ್ಲಿ ರಾತ್ರಿ ಒಂಬತ್ತಕ್ಕೆ ಹೊರಟರೆ ಇಲ್ಲಿಗೆ ಮರುದಿನ ಬೆಳಿಗ್ಗೆ ಹತ್ತೂವರೆ. ಹದಿಮೂರೂವರೆ ಗಂಟೆ.

ಮೊದಲು ದೂರ ನೋಡೋಣ. ಮಕ್ಕಳ ಗ್ಲೋಬ್ ಇದ್ದರೆ ಕೆಳಗಿಳಿಸಿ. ಸಮಭಾಜಕ ವೃತ್ತದ ಸುತ್ತ ದಾರ ಸುತ್ತಿ, ಸ್ಕೇಲಿನ ಮೇಲೆ ಅಳೆಯಿರಿ. ನಮ್ಮದು 12 ಇಂಚಿನ ಗ್ಲೋಬ್, ಸುತ್ತಳತೆ ಸುಮಾರು 96 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ 1 ಸೆಂ.ಮೀ.ಗೆ 417 ಕಿ.ಮೀ. ಈಗ ಮುಂಬೈ ಮೇಲೆ ಹೆಬ್ಬೆರಳು ಒತ್ತಿ, ದಾರವನ್ನು ಲಂಡನ್ನಿಗೆ ಬಿಗಿಯಾಗಿ ಎಳೆಯಿರಿ. ಹದಿನೇಳೂಕಾಲು ಸೆಂ.ಮೀ. ಬರುತ್ತದೆ; ಹತ್ತಿರ ಹತ್ತಿರ 7,200 ಕಿ.ಮೀ.

ಗೋಡೆಯ ನಕ್ಷೆಯ ಮೇಲೆ ಮಾತ್ರ ಈ ಕೆಲಸ ಬೇಡ. ಅಲ್ಲಿ ಮುಂಬೈ–ನ್ಯೂಯಾರ್ಕ್ ಗೆರೆ ಅರೇಬಿಯಾ, ಉತ್ತರ ಆಫ್ರಿಕಾ ದಾಟಿ ಅಟ್ಲಾಂಟಿಕ್‌ಗೆ ಇಳಿಯುತ್ತದೆ. ಗ್ಲೋಬಿನಲ್ಲಿ ಬಿಗಿದ ದಾರ ಉತ್ತರಕ್ಕೆ ಏರಿ ಫಿನ್‌ಲ್ಯಾಂಡ್ ದಾಟಿ, ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಅದೇ ಹತ್ತಿರದ ದಾರಿ, ಸುಮಾರು 12,500 ಕಿ.ಮೀ. ನಂಬಿಕೆ ಬಾರದಿದ್ದರೆ ದಾರ ಹಿಡಿದು ನೋಡಿ. ನಾನೂ ಎರಡು ಸಲ ಅಳೆದೆ.

ಇನ್ನು ಸಮಯ. ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 850ರಿಂದ 900 ಕಿ.ಮೀ. ಹೋಗುತ್ತದೆ. 7,200ನ್ನು 850ರಿಂದ ಭಾಗಿಸಿದರೆ ಎಂಟೂವರೆ ಗಂಟೆ. ರನ್‌ವೇಗೆ ತೆವಳುವುದು, ಏರುವುದು, ಇಳಿಯುವುದು ಎಂದು ಇನ್ನೊಂದು ಗಂಟೆ ಸೇರಿಸಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ವಾಯುಮಾರ್ಗದ ಜಗಳಗಳೂ ಇವೆ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿದಾಗ ಎಷ್ಟೋ ವಿಮಾನಗಳು ಸುತ್ತು ಹಾಕಬೇಕಾಯಿತು. ದಾರಕ್ಕೆ ಇದೆಲ್ಲ ಗೊತ್ತಿಲ್ಲ.

ಮಾಮಿಯ ತಲೆ ಕೆಡಿಸಿದ್ದು ಗಡಿಯಾರ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ನಾವು ಲಂಡನ್ನಿಗಿಂತ ಐದೂವರೆ ಗಂಟೆ ಮುಂದೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವುದರಿಂದ ನಾಲ್ಕೂವರೆ. ಹೋಗುವಾಗ ಟಿಕೆಟ್ಟಿನ 5.30ಕ್ಕೆ ಈ 4.30 ಕೂಡಿಸಿ: 10 ಗಂಟೆ. ಬರುವಾಗ 13.30ರಲ್ಲಿ 4.30 ಕಳೆಯಿರಿ: 9 ಗಂಟೆ.

ಇದೂ ಬೇಡವೆಂದರೆ ಒಂದು ಸುಲಭದ ಉಪಾಯ ಇದೆ. ಎರಡೂ ಟಿಕೆಟ್ಟಿನ ತಪ್ಪು ಲೆಕ್ಕವನ್ನೇ ಕೂಡಿಸಿ ಅರ್ಧ ಮಾಡಿ. ಐದೂವರೆ, ಹದಿಮೂರೂವರೆ ಕೂಡಿದರೆ 19, ಅರ್ಧ ಒಂಬತ್ತೂವರೆ. ಗಡಿಯಾರದ ಮೋಸ ಒಂದು ಕಡೆ ಕೂಡಿ, ಇನ್ನೊಂದು ಕಡೆ ಕಳೆದು ಹೋಗುತ್ತದೆ. ಹೋಗಿ ಬರುವ ನಡುವೆ ಅಲ್ಲಿನ ಗಡಿಯಾರ ಬದಲಾದರೆ, ಅಥವಾ ದುಬೈಯಲ್ಲಿ ಇಳಿದು ಹತ್ತುವುದಿದ್ದರೆ ಇದು ಕೈಕೊಡುತ್ತದೆ.

ಮಾಮಿ ಬೆರಳು ಮಡಚಿ ತಮ್ಮದೇ ಲೆಕ್ಕ ಹಾಕಿದರು. ಮಧ್ಯಾಹ್ನ ಒಂದರ ವಿಮಾನಕ್ಕೆ ಬೆಳಿಗ್ಗೆ ಹತ್ತಕ್ಕೆ ಏರ್‌ಪೋರ್ಟಿನಲ್ಲಿರಬೇಕು, ಟ್ರಾಫಿಕ್ಕಿಗೆ ಹೆದರಿ ಎಂಟಕ್ಕೆ ಡೊಂಬಿವಲಿ ಬಿಡಬೇಕು, ಅಲ್ಲಿ ಇಳಿದ ಮೇಲೆ ಇಮಿಗ್ರೇಶನ್ ಸಾಲು, ಬ್ಯಾಗು, ಮಗನ ಕಾರು.

‘ಹದಿನೇಳು ಗಂಟೆ ಆಯ್ತಲ್ಲ! ಮತ್ಸ್ಯಗಂಧವೇ ಬೇಗ.’