ಮಗಳ ಹೃದಯ ಕಸಿ: ನಮ್ಮ ಮನೆಯ ಲೆಕ್ಕದ ಪುಸ್ತಕ

ಮಗಳಿಗೆ ಆಗ ಐದು ತಿಂಗಳು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತಿತ್ತು, ನಾಲ್ಕು ಗುಟುಕಿಗೇ ಸುಸ್ತಾಗಿ ಬಿಟ್ಟುಬಿಡುತ್ತಿದ್ದಳು. ಕೊಡಗಿನ ಸುಂಟಿಕೊಪ್ಪದ ಚಳಿಯಲ್ಲಿ ಮಗು ಯಾಕೆ ಬೆವರಬೇಕು ಅಂತ ಮೊದಲು ಅನುಮಾನಪಟ್ಟವರು ನಮ್ಮತ್ತೆ. ಮಡಿಕೇರಿಯಲ್ಲಿ ಎಕ್ಸ್‌ರೇ, ಮೈಸೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್), ಅಲ್ಲಿಂದ ಬೆಂಗಳೂರು. ಹೃದಯದ ಸ್ನಾಯು ಹಿಗ್ಗಿ ಸೋತುಹೋಗಿದೆ, ಔಷಧಿಗೆ ಬಗ್ಗದಿದ್ದರೆ ಕಸಿಯೇ ದಾರಿ ಅಂದರು.

ಅಂದಾಜು ಪಟ್ಟಿಯಲ್ಲಿ 25 ಲಕ್ಷ ಅಂತ ಇತ್ತು. ಊರಿನವರು, ನೆಂಟರು ಎಲ್ಲರೂ ಆ ಒಂದು ಅಂಕಿ ಹಿಡಿದುಕೊಂಡೇ ಮಾತಾಡಿದರು. ಹೃದಯಕ್ಕೇ ಎಷ್ಟು ಕೊಡಬೇಕು ಅಂತ ಕೇಳಿದವರೂ ಇದ್ದಾರೆ. ಹೃದಯಕ್ಕೆ ಒಂದು ರೂಪಾಯಿಯೂ ಇಲ್ಲ. ಅಂಗಾಂಗ ಮಾರುವುದು, ಕೊಳ್ಳುವುದು 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಅಪರಾಧ. ಆಸ್ಪತ್ರೆಯವರೇ ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚುವ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯಲ್ಲಿ ಮಗುವಿನ ಹೆಸರು ಸೇರಿಸುತ್ತಾರೆ. ಯಾರಾದರೂ ದುಡ್ಡು ಕೊಟ್ಟರೆ ಬೇಗ ಮಾಡಿಸುತ್ತೇವೆ ಅಂದರೆ ಅವರ ಹತ್ತಿರ ಮಾತೇ ಆಡಬೇಡಿ.

ನಮ್ಮನ್ನು ಬಗ್ಗಿಸಿದ್ದು ಆ 25 ಲಕ್ಷಕ್ಕಿಂತ ಜಾಸ್ತಿ, ಅದರ ಹಿಂದೆ ಮುಂದೆ ಇದ್ದ ಖರ್ಚು. ಅದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬರ ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಬ್ಬರಿಗೆ ಜೋಡಿಸಬೇಕು. ಕೊಡಗಿನಲ್ಲಿ ರೈಲಿಲ್ಲ, ವಿಮಾನವಿಲ್ಲ, ಬೆಂಗಳೂರಿಗೆ ಕಾರಲ್ಲಿ ಐದಾರು ಗಂಟೆ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಟವರ್ ಬಂದ್ ಆದರೆ ಆಸ್ಪತ್ರೆಯ ಫೋನೇ ಸಿಗುವುದಿಲ್ಲ. ಹಾಗಾಗಿ ಜೂನ್‌ನಲ್ಲೇ ಆಸ್ಪತ್ರೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂದು ಸಣ್ಣ ಮನೆ ಹಿಡಿದೆವು. ಬಾಡಿಗೆ 14,000, ಅಡ್ವಾನ್ಸ್ ಬೇರೆ. ಮಗುವಿನ ತೂಕಕ್ಕೆ ಹೊಂದುವ ಹೃದಯ ಅಂದರೆ ಅದು ಇನ್ನೊಂದು ಪುಟ್ಟ ಮಗುವಿನದೇ ಆಗಿರಬೇಕು. ಅದು ಬೇಗ ಬರಲಿ ಅಂತ ದೇವರಲ್ಲಿ ಕೇಳುವುದು ಹೇಗೆ? ನಾನು ಕೇಳಲಿಲ್ಲ, ಸುಮ್ನೆ ಕಾದೆ. ಏಳು ತಿಂಗಳು. ಮಧ್ಯೆ ಎರಡು ಸಲ ಐಸಿಯು. ಕಸಿಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಐದು ಲಕ್ಷಕ್ಕೂ ಜಾಸ್ತಿ ಆ ಕಾಯುವುದರಲ್ಲೇ ಕರಗಿತು.

ದುಡ್ಡು ಹೊಂದಿಸಿದ್ದು ಹೇಗೆ ಅಂತ ಕೇಳುತ್ತಾರೆ. ನಮ್ಮದು ನಾಲ್ಕು ಎಕರೆ ಕಾಫಿ ತೋಟ, ಜಮ್ಮಾ ಜಾಗ, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬದ ಹೆಸರಲ್ಲಿ ಬಂದದ್ದು. ಪಹಣಿಯಲ್ಲಿ ಕುಟುಂಬದ ಹನ್ನೊಂದು ಜನರ ಹೆಸರಿದೆ, ಎಲ್ಲರ ಸಹಿ ಇಲ್ಲದೆ ಬ್ಯಾಂಕ್‌ನವರು ಅಡಮಾನ ಮಾಡಿಕೊಳ್ಳಲಿಲ್ಲ. ಒಬ್ಬರು ದುಬೈನಲ್ಲಿ, ಇಬ್ಬರು ಮಾತು ಬಿಟ್ಟವರು. ಆ ಸಹಿಗಳಿಗೆ ಎರಡು ತಿಂಗಳು ಅಲೆದು ಕೈಬಿಟ್ಟೆವು. ಮೊದಲ ವಾರವೇ ಕೈಬಿಟ್ಟಿದ್ದರೆ ಚೆನ್ನಾಗಿತ್ತು. ಸಹಕಾರ ಸಂಘದಲ್ಲಿ ಚಿನ್ನದ ಸಾಲ ತೆಗೆದೆವು, ನನ್ನ ತಾಳಿ ಸರವೊಂದು ಬಿಟ್ಟು ಎಲ್ಲ ಹೋಯಿತು. ತೋಟದ ಸಿಲ್ವರ್ ಮರ ಮಾರಿದೆವು. ಒಬ್ಬ ವ್ಯಾಪಾರಿಯ ಹತ್ತಿರ ಆಗಸ್ಟ್‌ನಲ್ಲೇ ಕಾಫಿಗೆ ಮುಂಗಡ ತೆಗೆದುಕೊಂಡೆವು, ಅದು ದೊಡ್ಡ ತಪ್ಪು. ಕುಯ್ಲಿನ ಹೊತ್ತಿಗೆ ರೇಟು ಏರಿತ್ತು, ನಮ್ಮ ಮೂಟೆಗಳು ಮಾತ್ರ ಹಳೇ ರೇಟಿಗೇ ಹೋದವು. ಉಳಿದದ್ದು ನಮ್ಮಣ್ಣ, ನೆಂಟರು, ಆನ್‌ಲೈನ್‌ನಲ್ಲಿ ಕೊಟ್ಟ ಗುರುತಿಲ್ಲದ ಜನ. ಮೂಗಿಗೆ ಟ್ಯೂಬ್ ಹಾಕಿದ ಮಗಳ ಫೋಟೋ ಹಾಕಲು ನಮ್ಮವರು ಒಪ್ಪಲಿಲ್ಲ. ಟ್ಯೂಬ್ ಇಲ್ಲದ ಫೋಟೋನೇ ಹಾಕಿದೆವು, ಆದರೂ ಜನ ಕೊಟ್ಟರು.

ಕಾಗದ ಪತ್ರದ ವಿಷಯ ಸ್ವಲ್ಪ ಗಮನಕೊಟ್ಟು ಓದಿ. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಮ್ಮಂಥ ಎಪಿಎಲ್ ಕಾರ್ಡಿನವರಿಗೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಆಪರೇಷನ್‌ಗೆ ಮೊದಲೇ ಅರ್ಜಿ ಹಾಕಬೇಕು, ಆಗಲೇ ಖರ್ಚಾದ ದುಡ್ಡನ್ನು ಅವರು ಕೊಡುವುದಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ, ಬಿಲ್ಲು ಎಲ್ಲ ಕೊಟ್ಟೆವು. ನಾನು ಒರಿಜಿನಲ್ ಬಿಲ್ಲುಗಳನ್ನೆಲ್ಲ ಒಂದೇ ಕಡೆ ಕೊಟ್ಟುಬಿಟ್ಟು, ಇನ್ನೊಂದು ಕಡೆ ಕೇಳಿದಾಗ ಕೈ ಖಾಲಿ ನಿಂತಿದ್ದೆ. ಪ್ರತಿ ಬಿಲ್ಲಿಗೂ ಅವತ್ತೇ ಎರಡು ಜೆರಾಕ್ಸ್ ಮಾಡಿಸಿ ಆಸ್ಪತ್ರೆಯ ಸೀಲ್ ಹಾಕಿಸಿಕೊಳ್ಳಿ. ಇನ್ನೊಂದು, ವಿಮೆ. ನಮ್ಮ ಪಾಲಿಸಿಗೆ ಮಗುವನ್ನು 90 ದಿನ ತುಂಬಿದ ಮೇಲೆ ಸೇರಿಸಬಹುದಿತ್ತು. ಆಮೇಲೆ ಮಾಡೋಣ ಅಂತ ಬಿಟ್ಟಿದ್ದೆವು. ಕಾಯಿಲೆ ಗೊತ್ತಾದ ಮೇಲೆ ಯಾರು ಸೇರಿಸಿಕೊಳ್ಳುತ್ತಾರೆ? ಇದು ನನ್ನನ್ನು ಈಗಲೂ ಚುಚ್ಚುತ್ತದೆ.

ಫೋನ್ ಬಂದದ್ದು ಜನವರಿಯಲ್ಲಿ, ರಾತ್ರಿ 11.30ಕ್ಕೆ. ನಮ್ಮವರು ಕುಯ್ಲಿಗೆ ಅಂತ ಊರಲ್ಲಿದ್ದರು. ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ, ಸಹಿಯೂ ನಾನೇ ಹಾಕಿದೆ. ಅವರು ಬಂದು ತಲುಪುವಾಗ ಅವಳು ಥಿಯೇಟರ್ ಒಳಗೆ ಹೋಗಿ ಆಗಿತ್ತು. ಆ ರಾತ್ರಿ ಇನ್ನೊಂದು ಮನೆಯಲ್ಲಿ ಏನಾಗಿರಬಹುದು ಅಂತ ನನಗೆ ಗೊತ್ತು. ಅವರು ಯಾರು ಅಂತ ಆಸ್ಪತ್ರೆಯವರು ನಮಗೆ ಹೇಳುವುದಿಲ್ಲ. ಅಷ್ಟು ದುಃಖದಲ್ಲೂ ಹೂಂ ಅಂದ ಆ ತಾಯಿಗೆ ನಮ್ಮ ಮನೆಯಲ್ಲಿ ದಿನಾ ದೀಪ ಇಡುತ್ತೇನೆ.

ಕಸಿಯಾದ ಮೇಲೆ ಖರ್ಚು ನಿಲ್ಲುವುದಿಲ್ಲ. ದೇಹ ಹೊಸ ಹೃದಯವನ್ನು ತಳ್ಳಿಹಾಕದಂತೆ ಜೀವನಪೂರ್ತಿ ಔಷಧಿ ಬೇಕು. ಟ್ಯಾಕ್ರೋಲಿಮಸ್ ಅನ್ನುವ ಆ ಔಷಧಿ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ, ತಪ್ಪುವ ಹಾಗಿಲ್ಲ. ಬಂದ ದುಡ್ಡನ್ನೆಲ್ಲ ಆಪರೇಷನ್‌ಗೇ ಸುರಿಯಬೇಡಿ, ಒಂದು ವರ್ಷದ ಔಷಧಿ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟದೆ ಇರಿ. ನಮಗೆ ಈ ಬುದ್ಧಿ ಹೇಳಿದವರು ಪಕ್ಕದ ಬೆಡ್ಡಿನ ಹುಡುಗನ ತಂದೆ. ಅವರ ಮಾತು ಕೇಳಿದ್ದಕ್ಕೆ ಮೊದಲ ವರ್ಷ ಔಷಧಿಗೆ ಅಂತ ಯಾರ ಮುಂದೆಯೂ ನಿಲ್ಲಲಿಲ್ಲ.

ಈಗ ಅವಳಿಗೆ ಮೂರು ವರ್ಷ, ಕಣದಲ್ಲಿ ಒಣಗಲು ಹಾಕಿದ ಕಾಫಿ ಮೇಲೆ ಓಡಿ ಅಜ್ಜಿಯ ಹತ್ತಿರ ಬೈಸಿಕೊಳ್ಳುತ್ತಾಳೆ. ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡುವ ಪರೀಕ್ಷೆಗೆ ಬೆಳಗಿನ ಔಷಧಿ ಕೊಡುವ ಮೊದಲೇ ರಕ್ತ ತೆಗೆಯಬೇಕು. ಅದಕ್ಕೆ ಕುಶಾಲನಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದು, ಔಷಧಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತೇವೆ. ರಕ್ತ ತೆಗೆದ ತಕ್ಷಣ ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕುಡಿಸುತ್ತೇನೆ. ಟಿಕೆಟ್ಟಿನ ದುಡ್ಡನ್ನು ಲೆಕ್ಕದ ಪುಸ್ತಕದಲ್ಲಿ ಬಸ್ಸಲ್ಲೇ ಬರೆದುಬಿಡುತ್ತೇನೆ. ಸಂಘದ ಚಿನ್ನದ ಸಾಲ ಇನ್ನೂ ಇದೆ, ಈ ಸಲದ ಬಡ್ಡಿ ಕಾಳುಮೆಣಸು ಮಾರಿದ ಮೇಲೆ ಕಟ್ಟಬೇಕು.